ಒಂದು ಪಾತ್ರೆ, ಇಪ್ಪತ್ತನಾಲ್ಕು ಉಂಡೆ

ಮುಂಬಯಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದವನ ಅಡಿಗೆಮನೆ ಎಂದರೆ ಕಿಟಕಿಯ ಪಕ್ಕದ ಕಟ್ಟೆ. ಅದರ ಮೇಲೆ ಒಂದು ಒಲೆ, ಒಲೆಯ ಮೇಲೆ ಒಂದು ಪಾತ್ರೆ. ಎರಡನೆಯ ಒಲೆಗೆ ಜಾಗವಿಲ್ಲ, ಎರಡನೆಯ ಪಾತ್ರೆಗೆ ಒಲೆಯಿಲ್ಲ. ಹೀಗಾಗಿ ಊರು ಬಿಟ್ಟು ಓದಲು ಬಂದ ನಮ್ಮಂಥವರ ಪಾಕಶಾಸ್ತ್ರಕ್ಕೆಲ್ಲ ಒಂದೇ ಸೂತ್ರ: ಯಾವುದು ಒಂದೇ ಪಾತ್ರೆಯಲ್ಲಿ ಆಗುತ್ತದೋ ಅದೇ ಊಟ. ಚಿತ್ರಾನ್ನ ಆಗುವುದಿಲ್ಲ, ಅದಕ್ಕೆ ಅನ್ನ ಬೇರೆ ಒಗ್ಗರಣೆ ಬೇರೆ. ಉಪ್ಪಿಟ್ಟು ಆಗುತ್ತದೆ. ಖಿಚಡಿ ಆಗುತ್ತದೆ. ಆದರೆ ವಾರದಲ್ಲಿ ನಾಲ್ಕು ರಾತ್ರಿ ಉಪ್ಪಿಟ್ಟು ತಿಂದ ಮೂವರು ಮಿತ್ರರು ಐದನೆಯ ರಾತ್ರಿ ಮಿತ್ರರಾಗಿಯೇ ಉಳಿಯುತ್ತಾರೆಂದು ಹೇಳುವ ಧೈರ್ಯ ನನಗಿಲ್ಲ.

ವಡಾಲಾದ ನಮ್ಮ ಕೋಣೆಯಲ್ಲಿ ನಾವು ಮೂವರು. ನಾನು ಮಂಡ್ಯ ಜಿಲ್ಲೆಯ ಮದ್ದೂರು ಕಡೆಯವನು. ಒಬ್ಬ ಧಾರವಾಡದವನು, ಇನ್ನೊಬ್ಬ ಕಾರ್ಕಳದವನು. ಹೆಸರು ಬರೆದರೆ ಇಬ್ಬರೂ ಜಗಳಕ್ಕೆ ಬರುವರಾದ್ದರಿಂದ ಊರಿನಿಂದಲೇ ಕರೆಯುತ್ತೇನೆ. ಮೂವರೂ ಕನ್ನಡದವರೇ. ಆದರೆ ನಾನು ಈರುಳ್ಳಿ ಎಂದದ್ದನ್ನು ಒಬ್ಬ ಉಳ್ಳಾಗಡ್ಡಿ ಎನ್ನುತ್ತಾನೆ, ಮತ್ತೊಬ್ಬ ನೀರುಳ್ಳಿ ಎನ್ನುತ್ತಾನೆ. ಕೆಳಗಿನ ಗಾಡಿಯವನು ಮೂವರಿಗೂ ‘ಕಾಂದಾ’ ಎಂದು ಹೇಳಿ ಒಂದೇ ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ.

ಧಾರವಾಡದವನು ಮಾಂಸ ಮುಟ್ಟುವುದಿಲ್ಲ. ಕಾರ್ಕಳದವನಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ನನಗೆ ಭಾನುವಾರವಾದರೂ ಬಾಡು ಬೇಕು. ನಮ್ಮ ಕಡೆ ಮಾಂಸಕ್ಕೆ ಬಾಡು ಅನ್ನುತ್ತೇವೆ. ‘ಮಾಂಸ’ ಅನ್ನುವುದು ಪುಸ್ತಕದಲ್ಲಿ. ಈ ಮೂರು ನಾಲಿಗೆಗಳನ್ನು ಒಂದು ಪಾತ್ರೆಗೆ ಹೊಂದಿಸುವ ಕೆಲಸ ಸಣ್ಣದಲ್ಲ. ಅದನ್ನು ನಮ್ಮ ಮನೆಯಲ್ಲಿ ಮಾಡುವ ಕೈಮ ಉಂಡೆ ಸಾರು ಹೇಗೆ ಸಾಧಿಸಿತು ಎಂಬುದೇ ಈ ಬರಹ.

ಗೊತ್ತಿಲ್ಲದವರಿಗೆ ಹೇಳಬೇಕು. ಕೈಮ ಎಂದರೆ ಸಣ್ಣಗೆ ಕೊಚ್ಚಿದ ಮಾಂಸ. ಅದಕ್ಕೆ ಮಸಾಲೆಯನ್ನೂ ಹುರಿಗಡಲೆ ಹಿಟ್ಟನ್ನೂ ಸೇರಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಕುದಿಯುವ ಸಾರಿಗೆ ಬಿಟ್ಟು ಬೇಯಿಸುವುದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ನೆಂಟರು ಬಂದಾಗ, ಹಬ್ಬದ ಮಾರನೆಯ ದಿನ, ಕಬ್ಬಿನ ದುಡ್ಡು ಕೈಗೆ ಬಂದ ವಾರ ಇದು ಆಗುತ್ತದೆ. ಕೈಮ ಎಂಬುದು ಉರ್ದುವಿನ ಕೀಮಾ. ಅದಕ್ಕೂ ತುರ್ಕಿಯಲ್ಲಿ ‘ಸಣ್ಣಗೆ ಕೊಚ್ಚು’ ಎಂಬರ್ಥದ ಮಾತಿಗೂ ನಂಟು. ಉತ್ತರದವರು ಕೋಫ್ತಾ ಎನ್ನುವುದು ಪಾರಸಿಯಲ್ಲಿ ‘ಕುಟ್ಟು’ ಎಂಬ ಧಾತುವಿನಿಂದ ಬಂದದ್ದು. ಮಾತು ಎಲ್ಲಿಂದಲೋ ನಡೆದು ಮದ್ದೂರಿನವರೆಗೆ ಬಂದಿದೆ. ಆದರೆ ‘ಉಂಡೆ’ ನಮ್ಮದು, ‘ಸಾರು’ ನಮ್ಮದು, ಪಕ್ಕದಲ್ಲಿ ಕೂರುವ ಮುದ್ದೆಯೂ ನಮ್ಮದೇ.

ಇದು ಶ್ರೀಮಂತರ ಅಡಿಗೆಯೆಂದು ಯಾರೂ ತಿಳಿಯಬಾರದು. ತುಂಡು ಮಾಂಸದ ಸಾರು ಮಾಡಿದರೆ ಎಂಟು ಜನರ ಮನೆಗೆ ಒಂದು ಕೆ.ಜಿ.ಯಾದರೂ ಬೇಕು. ಅರ್ಧ ಕೆ.ಜಿ. ಕೈಮಕ್ಕೆ ಹುರಿಗಡಲೆ, ಈರುಳ್ಳಿ, ಸೊಪ್ಪು ಸೇರಿದರೆ 24 ಉಂಡೆ ಆಗುತ್ತವೆ; ತಲೆಗೆ ಮೂರು. ಜೊತೆಗೆ ಮೂಲಂಗಿ, ಆಲೂಗಡ್ಡೆ ಇದ್ದರೆ ಪಾತ್ರೆ ತುಂಬಿದಂತೆ ಕಾಣುತ್ತದೆ. ನಮ್ಮವ್ವ ಹೇಳುವ ಲೆಕ್ಕ ಇಷ್ಟೇ: “ಬಾಡು ಕಮ್ಮಿ ಇದ್ರೆ ಕೈಮ ಮಾಡು. ಕೈಮ ಕಮ್ಮಿ ಇದ್ರೆ ಹುರಗಡ್ಲೆ ಹಾಕು. ಹುರಗಡ್ಲೇನೂ ಕಮ್ಮಿ ಇದ್ರೆ ನೆಂಟ್ರನ್ನ ನಾಳೀಕ್ ಬನ್ನಿ ಅನ್ನು.”

ಉಂಡೆಯ ಒಂದು ಗುಣವೆಂದರೆ ಅದನ್ನು ಎಣಿಸಬಹುದು. ತುಂಡಿನ ಸಾರಿನಲ್ಲಿ ಯಾರ ತಟ್ಟೆಗೆ ಎಷ್ಟು ಬಿತ್ತು, ಮೂಳೆಯೆಷ್ಟು ಮಾಂಸವೆಷ್ಟು ಎಂಬುದಕ್ಕೆ ಲೆಕ್ಕವಿಲ್ಲ. ಉಂಡೆಯ ವಿಷಯದಲ್ಲಿ ಹಾಗಲ್ಲ. ಮಕ್ಕಳು ಒಬ್ಬರ ತಟ್ಟೆ ಒಬ್ಬರು ನೋಡಿ ಎಣಿಸುತ್ತಾರೆ. ನಾವೂ ಎಣಿಸುತ್ತಿದ್ದೆವು. ಅಪ್ಪನಿಗೆ ನಾಲ್ಕು, ಅಜ್ಜಿಗೆ ಮೆತ್ತಗಿರುವುದು ಎಂದು ನಾಲ್ಕು, ನೆಂಟರಿಗೆ ಬೇಡ ಬೇಡವೆಂದರೂ ಐದು, ನಮಗೆ ಮೂರು ಮೂರು. ಎಲ್ಲರ ಊಟ ಮುಗಿದ ಮೇಲೆ ಅವ್ವ ಒಲೆಯ ಮುಂದೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ಮುದ್ದೆ ಇರುತ್ತಿತ್ತು, ಸಾರಿರುತ್ತಿತ್ತು, ಮೂಲಂಗಿ ಹೋಳಿರುತ್ತಿತ್ತು. ಅವಳ ತಟ್ಟೆಯಲ್ಲಿ ಉಂಡೆ ಕಂಡ ನೆನಪು ನನಗಿಲ್ಲ. ಕೇಳಿದರೆ, “ಮಾಡೋವಾಗ ವಾಸ್ನೆ ಕುಡುದೇ ಹೊಟ್ಟೆ ತುಂಬೋಯ್ತು ಕಣ್ಲಾ” ಅನ್ನುತ್ತಿದ್ದಳು. ಈಗ ನಾನೇ ಮಾಡುತ್ತೇನೆ. ವಾಸನೆಯಿಂದ ಹಸಿವು ಹೆಚ್ಚುತ್ತದೆಯೇ ಹೊರತು ಹೊಟ್ಟೆ ತುಂಬುವುದಿಲ್ಲ.

ಇನ್ನು ಮಾಡುವ ಬಗೆ. ಮೊದಲು ಕಸಾಯಿಯ ಅಂಗಡಿ. ಊರಿನಲ್ಲಾದರೆ ಮರದ ಕೊರಡಿನ ಮೇಲೆ ಎರಡು ಕೈಯಲ್ಲಿ ಎರಡು ಮಚ್ಚು ಹಿಡಿದು ಲಯ ಹಿಡಿದಂತೆ ಕೊಚ್ಚುತ್ತಾರೆ. ಇಲ್ಲಿ ಯಂತ್ರ. ತೊಡೆಯದೋ ಭುಜದ್ದೋ ಮಾಂಸ, ಕೊಂಚ ಕೊಬ್ಬು ಇರಲೇಬೇಕು. ಪೂರಾ ಒಣ ಮಾಂಸದ ಉಂಡೆ ಬೆಂದ ಮೇಲೆ ಗೋಲಿಯಾಗುತ್ತದೆ. ‘ದೋ ಬಾರ್’ ಎಂದು ಬೆರಳೆತ್ತಿ ಎರಡು ಸಲ ಯಂತ್ರಕ್ಕೆ ಹಾಕಿಸಬೇಕು. ಫೋನಿನಲ್ಲಿ ಅವ್ವ ಹೇಳಿದ ಮೊದಲ ಪಾಠವೂ ಅಂಗಡಿಗೇ ಸೇರಿದ್ದು: “ಕೈಮ ತಂದ್ಮೇಲೆ ತೊಳೀಬ್ಯಾಡ ಮಗಾ. ತೊಳ್ಯೋದಿದ್ರೆ ಬಾಡು ಇಡಿಯಾಗಿದ್ದಾಗ್ಲೇ ತೊಳ್ಸು. ಕೊಚ್ಚಿದ್ಮೇಲೆ ನೀರು ಕುಡ್ಕಂಡ್ರೆ ಉಂಡೆ ನಿಲ್ಲಾಕಿಲ್ಲ.”

ಮಸಾಲೆಗೆ ಬೇಕಾದ್ದೆಲ್ಲ ಡಬ್ಬಿಗಳಲ್ಲಿ ಇರುವಂಥದ್ದೇ. ಧನಿಯ, ಮೆಣಸು, ಚಕ್ಕೆ, ಲವಂಗ, ಒಂದು ಚಮಚ ಗಸಗಸೆ, ಒಣಮೆಣಸಿನಕಾಯಿ, ಅರಿಶಿನ, ಹುರಿಗಡಲೆ, ಒಂದು ಗಿಟುಕು ಕೊಬ್ಬರಿ. ಹಸಿಯದು ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ ಸೊಪ್ಪು, ಸಿಕ್ಕಿದರೆ ಪುದೀನ. ಮೂರೇ ಚಮಚ ಎಣ್ಣೆಯಲ್ಲಿ ಇವನ್ನೆಲ್ಲ ಅದೇ ಪಾತ್ರೆಯಲ್ಲಿ ಬಾಡಿಸಿ, ಆರಿದ ಮೇಲೆ ರುಬ್ಬಬೇಕು. ಮೊದಲು ನೀರು ಹಾಕದೆ ತರಿತರಿ. ಅದರಲ್ಲಿ ಮೂರರಲ್ಲೊಂದು ಪಾಲು ತೆಗೆದಿಟ್ಟುಕೊಂಡರೆ ಅದು ಉಂಡೆಗೆ. ಉಳಿದದ್ದಕ್ಕೆ ಕೊಬ್ಬರಿ, ನೀರು ಸೇರಿಸಿ ನುಣ್ಣಗೆ ರುಬ್ಬಿದರೆ ಸಾರಿಗೆ. ಉಂಡೆಯ ಮಸಾಲೆಗೆ ನೀರು ಸೋಕಬಾರದು. ಹುರಿಗಡಲೆಯನ್ನು ಒಣಗಿಯೇ ಪುಡಿ ಮಾಡಿ, ಅರ್ಧ ಕೆ.ಜಿ.ಗೆ ನಾಲ್ಕು ಚಮಚದಷ್ಟು ಬೆರೆಸಬೇಕು. ಕೈಮದಿಂದ ಒಸರುವ ನೀರನ್ನು ಹೀರಿ ಹಿಡಿಯುವುದು ಅದರ ಕೆಲಸ.

ಆಮೇಲೆ ಉಪ್ಪು ಹಾಕಿ ನಾದುವುದು. ಇಲ್ಲಿ ಆತುರ ಕೂಡದು. ಐದಾರು ನಿಮಿಷ ಅಂಗೈಯಿಂದ ಒತ್ತಿ ನಾದಿದರೆ ಬಿಡಿಬಿಡಿಯಾಗಿದ್ದ ಕೈಮ ಅಂಟು ಬಂದು ಮುದ್ದೆಯಾಗುತ್ತದೆ. ನಮ್ಮ ಕಾರ್ಕಳದವನು ವಿಜ್ಞಾನದ ವಿದ್ಯಾರ್ಥಿ. ಇದರ ಗುಟ್ಟು ಹೇಳಿದವನು ಅವನು. ಮಾಂಸದಲ್ಲಿರುವ ಮಯೋಸಿನ್ ಎಂಬ ಪ್ರೋಟೀನು ಉಪ್ಪಿನ ನೀರಿನಲ್ಲಿ ಕರಗಿ ಹೊರಬರುತ್ತದೆ, ನಾದಿದಷ್ಟೂ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಬಿಸಿ ತಾಕಿದಾಗ ಗಟ್ಟಿಯಾಗಿ ಕೂರುತ್ತದೆ. ಹುರಿಗಡಲೆ ಬರೀ ಸಹಾಯಕ, ನಿಜವಾದ ಗಾರೆ ಮಾಂಸದೊಳಗೇ ಇದೆ. ಇದನ್ನು ಅವ್ವನಿಗೆ ಹೇಳಿದೆ. “ಅದ್ಕೇ ತಾನೆ ನಾದು ನಾದು ಅಂದಿದ್ದು” ಎಂದಳು.

ಪಾತ್ರೆಗೆ ಮತ್ತೆ ಒಂದು ಚಮಚ ಎಣ್ಣೆ, ರುಬ್ಬಿದ ಸಾರಿನ ಮಸಾಲೆ. ಎಣ್ಣೆ ಬಿಡುವವರೆಗೆ ಹುರಿದು ಆರು ಲೋಟ ನೀರು. ಆಲೂಗಡ್ಡೆ, ಮೂಲಂಗಿ ಮೊದಲು ಹೋಗುತ್ತವೆ. ಮಾಟುಂಗದ ಮಾರುಕಟ್ಟೆಗೆ ಹೋಗಿದ್ದ ವಾರ ನವಿಲುಕೋಸೂ ಇರುತ್ತದೆ. ತರಕಾರಿ ಮುಕ್ಕಾಲು ಬೆಂದು ತಳದಲ್ಲಿ ಹಾಸಿದಂತಾದಾಗ ಉರಿ ಇಳಿಸಿ, ಒಂದೊಂದೇ ಉಂಡೆಯನ್ನು ಪಾತ್ರೆಯ ಅಂಚಿನಿಂದ ಜಾರಿ ಬಿಡಬೇಕು. ತಳದ ತರಕಾರಿ ಉಂಡೆಗೆ ಹಾಸಿಗೆ, ಸೀಯಲು ಬಿಡುವುದಿಲ್ಲ. ಸಾರು ಕೊತಕೊತನೆ ಕುದಿದರೆ ಉಂಡೆಗಳು ಗುದ್ದಾಡಿ ಒಡೆಯುತ್ತವೆ. ಮೊದಲ ಹತ್ತು ನಿಮಿಷ ಸೌಟು ಹಾಕುವಂತಿಲ್ಲ. ಬೇಕಿದ್ದರೆ ಬಟ್ಟೆಯಲ್ಲಿ ಪಾತ್ರೆಯ ಎರಡೂ ಅಂಚು ಹಿಡಿದು ಮೆಲ್ಲಗೆ ಅಲುಗಿಸಬಹುದು. ಒಮ್ಮೆ ಕಾರ್ಕಳದವನು “ಎಂತ ಮಾರಾಯ, ಅಡಿ ಹಿಡಿದರೆ?” ಎಂದು ಸೌಟು ತೂರಿಸಿ ಮೂರು ಉಂಡೆ ಪುಡಿ ಮಾಡಿದ. ಆ ಮೂರನ್ನೂ ನ್ಯಾಯವಾಗಿ ಅವನ ಲೆಕ್ಕಕ್ಕೇ ಹಿಡಿಯಲಾಯಿತು. ಇಪ್ಪತ್ತು ಇಪ್ಪತ್ತೈದು ನಿಮಿಷ ಸಣ್ಣ ಉರಿಯಲ್ಲಿ ಬೆಂದ ಮೇಲೆ ಒಂದು ಹಿಡಿ ಮೆಂತ್ಯ ಸೊಪ್ಪು, ಮುಚ್ಚಳ, ಆಯಿತು. ಮುದ್ದೆಗೆ ಎರಡನೆಯ ಪಾತ್ರೆ ಬೇಕಲ್ಲ. ಅದಕ್ಕೇ ಕೆಳಗಿನ ಬೇಕರಿಯ ಲಾದಿ ಪಾವ್. ನಮ್ಮ ಸಾರಿಗೆ ಮುಂಬಯಿ ತನ್ನ ಕೈಯಾರೆ ಕೊಟ್ಟ ಮುದ್ದೆ ಅದು.

ಹಾಗಾದರೆ ಧಾರವಾಡದವನು? ಅವನ ವಿಷಯವನ್ನು ಬೇಕೆಂದೇ ಕೊನೆಗಿಟ್ಟುಕೊಂಡೆ. ಕೋಣೆಗೆ ಬಂದ ಹೊಸತರಲ್ಲಿ ಭಾನುವಾರ ಅವನು ಹೊರಗೆ ಉಣ್ಣುತ್ತಿದ್ದ. ನಾವೂ ಒತ್ತಾಯ ಮಾಡಲಿಲ್ಲ. ತಿಂಗಳ ಕೊನೆಯ ಒಂದು ಭಾನುವಾರ ಅವನ ಜೇಬು ಖಾಲಿ. ಮಸಾಲೆ ರುಬ್ಬುವಾಗ ಮಿಕ್ಸಿಯ ಪಕ್ಕ ಬಂದು ನಿಂತ. ಮೂಲಂಗಿ ಹೆಚ್ಚಿಕೊಟ್ಟ. ತರಕಾರಿ ಬೆಂದು ಘಮ ಎದ್ದಿತು. ನಾನು ಉಂಡೆಯ ತಟ್ಟೆಗೆ ಕೈ ಹಾಕಿದಾಗ, “ಏ, ತಡಿ ಸ್ವಲ್ಪ. ನಿನ್ನ ಉಂಡಿ ಬೀಳೂಕಿಂತ ಮೊದಲ ನನಗ ಎರಡು ಸೌಟು ತಗದಿಡಪಾ” ಎಂದ.

ಕೇಳಲು ಇದು ಸಣ್ಣ ಮಾತು. ಅದು ಸಣ್ಣ ಮಾತಲ್ಲ ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಸಾರಿನಲ್ಲಿ ಇನ್ನೂ ಮಾಂಸ ಬಿದ್ದಿಲ್ಲ, ಸರಿ. ಆದರೆ ಪಾತ್ರೆ? ಹಿಂದಿನ ಭಾನುವಾರ ಇದೇ ಪಾತ್ರೆಯಲ್ಲಿ ಉಂಡೆ ಬೆಂದಿತ್ತು. ಅವನ ಮನೆಯಲ್ಲಿ ಇಂಥ ಪಾತ್ರೆ ಹೊಸಿಲು ದಾಟಿ ಒಳಗೆ ಬರುವುದಿಲ್ಲ. ಅವನು ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡಿದ. ಆಮೇಲೆ ತನ್ನ ತಟ್ಟೆಯನ್ನು ತಾನೇ ತಂದು ಮುಂದೆ ಹಿಡಿದ. ಆಲೂಗಡ್ಡೆ, ಮೂಲಂಗಿ, ಸಾರು ಹಾಕಿದೆ. ಪಾವ್ ಅದ್ದಿ ತಿಂದ. “ಮಸಾಲಿ ಛಲೋ ಆಗೇತಿ” ಅಂದ. ಕೈ ತೊಳೆದು ಬಂದು, “ನಮ್ಮೂರಾಗ ಯಾರ ಮುಂದೂ ಅನ್ನಬ್ಯಾಡ್ರಿ ಮತ್ತ” ಅಂದ. ನಾವು ಯಾರ ಮುಂದೂ ಅನ್ನಲಿಲ್ಲ. ಇದನ್ನು ಇಲ್ಲಿ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ಆವತ್ತಿನಿಂದ ನಮ್ಮ ಭಾನುವಾರದ ಕ್ರಮ ಹೀಗೆ: ಮೊದಲ ಎರಡು ಸೌಟು ಧಾರವಾಡಕ್ಕೆ, ಆಮೇಲೆ ಉಂಡೆ. ಅವನು ಮಾಂಸ ತಿನ್ನುವವನಾಗಲಿಲ್ಲ. ಆಗಬೇಕೆಂದು ನಮಗೂ ಆಸೆಯಿಲ್ಲ. ನಾನು ಉಂಡೆ ಬಿಡಲಿಲ್ಲ. ಬಿಡೆಂದು ಅವನೂ ಕೇಳಲಿಲ್ಲ. ಒಂದೇ ಸಾರು, ಹತ್ತು ನಿಮಿಷದ ಹಿಂದುಮುಂದು.

ಈಗ ನಮ್ಮ ಬಳಗದ ವಿಷಯಕ್ಕೆ ಬರುತ್ತೇನೆ. ರಾಜ್ಯೋತ್ಸವದ ಊಟದ ಪಟ್ಟಿ ಮಾಡಲು ಸಭೆ ಸೇರಿದ್ದೆವಲ್ಲ, ಬಿಸಿಬೇಳೆ ಭಾತು, ಕೋಸಂಬರಿ, ಹೋಳಿಗೆ ಎಂದು ನಿರ್ಧಾರವಾಯಿತು. ನನ್ನ ತಕರಾರಿಲ್ಲ. ನೂರು ಜನ ಕೂಡಿ ಉಣ್ಣುವಲ್ಲಿ ಎಲ್ಲರೂ ತಿನ್ನಬಹುದಾದ್ದನ್ನು ಮಾಡುವುದು ವಿವೇಕ. ಆದರೆ ‘ನಮ್ಮ ಕಡೆ ಹಬ್ಬಕ್ಕೆ ಉಂಡೆ ಸಾರು ಮಾಡುತ್ತಾರೆ’ ಎಂದು ನಾನು ಮಾತಿಗೆ ಹೇಳಿದಾಗ, ಹಿಂದಿನ ಸಾಲಿನಿಂದ ಒಂದು ದನಿ ಬಂತು: “ಅದು ಕನ್ನಡದ ಊಟ ಅಲ್ಲ ಬಿಡಿ, ಅದು ಮಿಲಿಟರಿ ಹೋಟೆಲಿನದು.” ಎಲ್ಲರೂ ನಕ್ಕರು. ನಾನೂ ನಕ್ಕೆ. ಕೋಣೆಗೆ ಬಂದ ಮೇಲೆ ಆ ನಗು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು. ಒಲೆಯ ಮುಂದೆ ಬರೀ ಸಾರು ಉಂಡು ಎದ್ದ ಅವ್ವ ಯಾವ ಭಾಷೆಯಲ್ಲಿ ಅಡಿಗೆ ಮಾಡುತ್ತಿದ್ದಳು ಹಾಗಾದರೆ?

ಆ ದನಿಯಲ್ಲಿ ದ್ವೇಷವಿರಲಿಲ್ಲ, ಅಭ್ಯಾಸವಿತ್ತು. ಮುಂಬಯಿಯಲ್ಲಿ ಕನ್ನಡದ ಊಟವೆಂದರೆ ಉಡುಪಿ ಊಟವೆಂಬ ಅಭ್ಯಾಸಕ್ಕೆ ಕಾರಣವೂ ಇದೆ. ಮಾಟುಂಗದಲ್ಲಿ ಎ. ರಾಮಾ ನಾಯಕರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನಂಥ ಜಾಗಗಳು ಊರು ಬಿಟ್ಟು ಬಂದವರ ಹೊಟ್ಟೆ ತಂಪು ಮಾಡಿವೆ. ಆ ಉಪಕಾರ ದೊಡ್ಡದು. ಆದರೆ ಹೋಟೆಲಿನ ಬೋರ್ಡಿನಲ್ಲಿ ಬರೆದದ್ದಷ್ಟೇ ಒಂದು ನಾಡಿನ ಊಟವಾಗುವುದಿಲ್ಲ. ಹಾಗೆ ನೋಡಿದರೆ ಆ ಕರಾವಳಿಯವನೇ ಆದ ನಮ್ಮ ಕಾರ್ಕಳದವನ ಮೀನು ಎಲ್ಲಿಗೆ ಹೋಗಬೇಕು?

ಹಳೆಯ ಪುಸ್ತಕಗಳನ್ನು ಸಾಕ್ಷಿಗೆ ಕರೆಯುವವರಿದ್ದಾರೆ. 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಮಾಂಸವಿಲ್ಲ, ನಿಜ, ಅವನು ಜೈನ. ಆದರೆ 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಅಡಿಗೆಯ ಭಾಗದಲ್ಲಿ ಇಡ್ಡರಿಕ, ಧೋಸಕ ಎಂಬ ತಿನಿಸುಗಳಿವೆ, ಅಲ್ಲೇ ಮಾಂಸದ, ಮೀನಿನ ಅಡಿಗೆಗಳೂ ಇವೆ. ಇಡ್ಲಿಗೂ ದೋಸೆಗೂ ಎಷ್ಟು ವಯಸ್ಸು ಎಂಬ ವಾದ ಬಂದಾಗ ನಾವೆಲ್ಲ ಆ ಗ್ರಂಥವನ್ನು ಹೆಮ್ಮೆಯಿಂದ ಎತ್ತಿ ಹಿಡಿಯುತ್ತೇವೆ, ಮಾಂಸದ ಹಾಳೆಗಳು ಬಂದಾಗ ಮಡಚುತ್ತೇವೆ. ಇನ್ನು ‘ಅಪ್ಪಟ’ದ ಮಾತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ದೆಸೆಯಿಂದ ನಮ್ಮ ಕಡೆಗೆ ಬಂದದ್ದು ಒಣಮೆಣಸಿನಕಾಯಿ. ಅದನ್ನು ತೆಗೆದರೆ ನಿಮ್ಮ ಬಿಸಿಬೇಳೆ ಭಾತೂ ಉಳಿಯುವುದಿಲ್ಲ, ನನ್ನ ಉಂಡೆ ಸಾರೂ ಉಳಿಯುವುದಿಲ್ಲ.

ಇದು ನಮ್ಮ ಬಳಗದ ಒಂದು ಸಭೆಯ ಮಾತಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ಮಂಡ್ಯದಲ್ಲೇ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧವೆಂದ ಸೂಚನೆ ಹೊರಬಿದ್ದಾಗ ಜಿಲ್ಲೆಯಲ್ಲಿ ಗಲಾಟೆಯೆದ್ದಿತು, ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಎಂಬ ಕೂಗು ಕೇಳಿತು. ದೂರದವರಿಗೆ ಅದು ನಗೆಪಾಟಲಿನ ಸುದ್ದಿ: ಸಾಹಿತ್ಯ ಬಿಟ್ಟು ಮಾಂಸಕ್ಕಾಗಿ ಜಗಳವೇ? ಕೇಳಿದ್ದು ಮಾಂಸದ ತುಂಡಿಗಾಗಿ ಮಾತ್ರವಲ್ಲ. ತಾನು ದಿನವೂ ಉಣ್ಣುವ ಊಟದ ಹೆಸರನ್ನು ಬೀಡಿ ಸಾರಾಯಿಯ ಸಾಲಿನಲ್ಲಿ ಓದಿದವನಿಗೆ, ಈ ಹಬ್ಬ ನನ್ನದೂ ಹೌದೋ ಅಲ್ಲವೋ ಎಂಬ ಸಂಶಯ ಬರುತ್ತದೆ. ಹೊಟ್ಟೆಗೆ ಸಿಗದಿದ್ದರೆ ತಡೆದುಕೊಳ್ಳಬಹುದು.

ಆದ್ದರಿಂದ ಬಳಗದ ಗೆಳೆಯರಲ್ಲಿ ನನ್ನದೊಂದು ಸಣ್ಣ ವಿನಂತಿ. ರಾಜ್ಯೋತ್ಸವಕ್ಕೆ ಬಿಸಿಬೇಳೆ ಭಾತೇ ಇರಲಿ, ಕೋಸಂಬರಿ ಇರಲಿ. ನಾನೇ ಬಡಿಸಲು ನಿಲ್ಲುತ್ತೇನೆ. ಗೋಡೆಗೆ ಅಂಟಿಸುವ ಹಾಳೆಯಲ್ಲಿ ಮಾತ್ರ ‘ಅಪ್ಪಟ ಕನ್ನಡ ಊಟ’ ಎಂದು ಬರೆಯಬೇಡಿ. ‘ಸಸ್ಯಾಹಾರಿ ಊಟ’ ಎಂದು ಬರೆಯಿರಿ. ಅದು ಸತ್ಯವೂ ಹೌದು, ಅಕ್ಷರಗಳೂ ಕಮ್ಮಿ. ಆಗ ಧಾರವಾಡದವನು ನಿರಾಳವಾಗಿ ಉಣ್ಣುತ್ತಾನೆ, ಕಾರ್ಕಳದವನೂ ನಾನೂ ನಮ್ಮ ಊಟವನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇವೆಯೇ ಹೊರತು ಕನ್ನಡವನ್ನಲ್ಲ ಎಂದುಕೊಂಡು ಉಣ್ಣುತ್ತೇವೆ.

ಬೇಸಿಗೆ ರಜೆಗೆ ಊರಿಗೆ ಹೋಗಿದ್ದಾಗ ಒಂದು ದಿನ ನಾನೇ ಒಲೆಯ ಮುಂದೆ ಕೂತೆ. ಅವ್ವ ಎರಡು ಸಲ ಎದ್ದು ಬಂದು ಉರಿ ನೋಡಿ ಹೋದಳು. ಉಂಡೆ ಬೆಂದ ಮೇಲೆ ಮೊದಲ ತಟ್ಟೆ ಅವಳದೇ ಎಂದೆ. ನಾಲ್ಕು ಉಂಡೆ ಹಾಕಿದೆ. “ಅಯ್ಯೋ, ನಿಮ್ಮಪ್ಪಂದಾಗಿಲ್ಲ, ಎಂಥ ಕೆಲ್ಸ ಮಾಡ್ದೆ” ಎಂದು ಎರಡನ್ನು ವಾಪಸು ಪಾತ್ರೆಗೆ ಹಾಕಿದಳು. ಎರಡನ್ನು ತಿಂದಳು. ಉಪ್ಪು ಒಂದು ಕಲ್ಲು ಕಮ್ಮಿಯಾಯಿತು ಎಂದಳು.

ಕೊನೆಯದಾಗಿ ಒಂದು ಪ್ರಕಟಣೆ. ಭಾನುವಾರ ರಾತ್ರಿ ವಡಾಲಾದ ನಮ್ಮ ಕೋಣೆಗೆ ಯಾರು ಬೇಕಾದರೂ ಬರಬಹುದು. ಹಿಂದಿನ ಸಾಲಿನಿಂದ ದನಿ ಎತ್ತಿದವರು ಅವಶ್ಯ ಬರಬೇಕು. ಮಾಂಸ ತಿನ್ನದವರು ಎಂಟು ಗಂಟೆಯೊಳಗೆ ಬಂದರೆ ಉಂಡೆ ಬಿಡುವ ಮುಂಚಿನ ಎರಡು ಸೌಟಿನಲ್ಲಿ ಅವರಿಗೂ ಪಾಲಿದೆ. ಪಾವ್ ನೀವೇ ತನ್ನಿ. ಎಷ್ಟು ಜನ ಎಂಬುದನ್ನು ಮಾತ್ರ ಶನಿವಾರವೇ ತಿಳಿಸಿ. ಪಾತ್ರೆ ಒಂದೇ, ಅದರಲ್ಲಿ 24 ಉಂಡೆಗಿಂತ ಹೆಚ್ಚು ಹಿಡಿಸುವುದಿಲ್ಲ.